ಘಾಟಿ ಏರುವಾಗ ನಿಲ್ಲುವ ಹಳೆಯ ಸೇನಾ ಜೀಪ್: ದೋಷ ಹುಡುಕುವ ಬಗೆ

ಊರೊಳಗೆ ಓಡಾಡುವಾಗ ಯಾವ ತಕರಾರೂ ಇಲ್ಲ. ಶಿವಮೊಗ್ಗದಿಂದ ತೀರ್ಥಹಳ್ಳಿಯವರೆಗೂ ಸಲೀಸಾಗಿ ಓಡುತ್ತದೆ. ಸೋಮೇಶ್ವರದಿಂದ ಆಗುಂಬೆ ಘಾಟಿ ಹತ್ತತೊಡಗಿ, ಹದಿನಾಲ್ಕು ತಿರುವುಗಳಲ್ಲಿ ಅರ್ಧದಷ್ಟು ದಾಟುವ ಹೊತ್ತಿಗೆ ಎಂಜಿನ್ ಎಳೆತ ಕಳೆದುಕೊಳ್ಳುತ್ತದೆ, ಒಂದೆರಡು ಬಾರಿ ಕೆಮ್ಮುತ್ತದೆ, ನಿಂತುಬಿಡುತ್ತದೆ. ಅರ್ಧ ಗಂಟೆ ಬಿಟ್ಟು ಸ್ಟಾರ್ಟ್ ಮಾಡಿದರೆ ಏನೂ ಆಗಿಲ್ಲವೆಂಬಂತೆ ಹೊರಡುತ್ತದೆ. ಎರಡನೇ ಮಹಾಯುದ್ಧದ ಕಾಲದ ವಿಲ್ಲೀಸ್ ಎಂಬಿ, ಫೋರ್ಡ್ ಜಿಪಿಡಬ್ಲ್ಯೂ ಜೀಪುಗಳನ್ನೂ ಆಮೇಲೆ ನಮ್ಮ ದೇಶದಲ್ಲೇ ತಯಾರಾದ ಸಿಜೆ3ಬಿ ಪೆಟ್ರೋಲ್ ಜೀಪುಗಳನ್ನೂ ಇಟ್ಟುಕೊಂಡಿರುವ ಮಲೆನಾಡಿನ ಬಹುತೇಕರಿಗೆ ಈ ಕಾಟ ಗೊತ್ತು.

ಈ ದೋಷದ ದೊಡ್ಡ ತೊಂದರೆ ಎಂದರೆ ಅದು ತಾನಾಗಿಯೇ ಸರಿಹೋಗುವುದು. ಗ್ಯಾರೇಜಿಗೆ ಬರುವ ಹೊತ್ತಿಗೆ ಗಾಡಿ ತಣ್ಣಗಾಗಿ ಚೆನ್ನಾಗಿಯೇ ಓಡುತ್ತಿರುತ್ತದೆ. ಪರೀಕ್ಷಿಸಲು ಏನೂ ಸಿಗದೆ, ಊಹೆಯ ಮೇಲೆ ಒಂದೊಂದೇ ಭಾಗ ಬದಲಾಗುತ್ತಾ ಹೋಗುತ್ತದೆ. ಮೊದಲು ಕಿಡಿಗೆ ಬೇಕಾದ ಹೆಚ್ಚು ವೋಲ್ಟ್ ಹುಟ್ಟಿಸುವ ಕಾಯಿಲ್, ಆಮೇಲೆ ಪೆಟ್ರೋಲ್ ಪಂಪ್, ಕೊನೆಗೆ ಪೆಟ್ರೋಲನ್ನು ಗಾಳಿಯೊಂದಿಗೆ ಬೆರೆಸುವ ಕಾರ್ಬುರೇಟರ್. ಬೇರೆ ಗಾಡಿಯಲ್ಲಾದರೆ ಇದು ಬರೀ ಹಣದ ನಷ್ಟ. ಸೇನೆಯಿಂದ ಬಂದ ಹಳೆಯ ಜೀಪಿನಲ್ಲಿ ಇದು ಚರಿತ್ರೆಯ ನಷ್ಟವೂ ಹೌದು. ಆ ಪಂಪಿನ ಮೈಮೇಲಿನ ಎರಕದ ಗುರುತು, ಆ ಬೋಲ್ಟಿನ ತಲೆಯ ಮೇಲಿನ ಅಕ್ಷರ, ಆ ತಂತಿಯ ಹೊದಿಕೆಯ ಬಣ್ಣ ಇವೆಲ್ಲ ಗಾಡಿ ಎಲ್ಲಿ ತಯಾರಾಯಿತು, ಯಾವ ಕಾಲದಲ್ಲಿ ಯಾರ ಕೈಯಲ್ಲಿ ದುರಸ್ತಿಯಾಯಿತು ಎಂದು ಹೇಳುವ ದಾಖಲೆಗಳು. ಅದಕ್ಕೇ ಈ ಕೈಪಿಡಿಯ ಉದ್ದಕ್ಕೂ ನಾನು ಒಂದೇ ಮಾತಿಗೆ ಅಂಟಿಕೊಳ್ಳುತ್ತೇನೆ: ಕೆಟ್ಟಿದೆ ಎಂದು ಸಾಬೀತಾಗುವವರೆಗೆ ಯಾವ ಭಾಗವನ್ನೂ ಬಿಚ್ಚಿ ಎಸೆಯಬೇಡಿ. ಸಾಬೀತು ಮಾಡಬೇಕಾದದ್ದು ಗಾಡಿ ನಿಂತ ಜಾಗದಲ್ಲಿ, ಎಂಜಿನ್ ಬಿಸಿ ಇರುವಾಗಲೇ.

ಇದಕ್ಕೆ ಕಾನೂನಿನ ಬಲವೂ ಇದೆ. 2021ರಲ್ಲಿ ಕೇಂದ್ರ ಸರ್ಕಾರ ತಂದ ವಿಂಟೇಜ್ ವಾಹನ ನಿಯಮದ ಪ್ರಕಾರ, ಐವತ್ತು ವರ್ಷ ದಾಟಿದ ಗಾಡಿಗೆ ವಿಎ ಅಕ್ಷರಗಳಿರುವ ಪ್ರತ್ಯೇಕ ಸಂಖ್ಯಾಫಲಕ ಸಿಗುತ್ತದೆ. ನೋಂದಣಿ ಶುಲ್ಕ 20,000 ರೂಪಾಯಿ, ಅವಧಿ ಹತ್ತು ವರ್ಷ. ಆದರೆ ಚಾಸಿ, ಬಾಡಿ, ಎಂಜಿನ್ ಮೂಲ ರೂಪದಲ್ಲೇ ಉಳಿದಿರಬೇಕು, ಹೇಳಿಕೊಳ್ಳುವಂಥ ಮಾರ್ಪಾಡು ಆಗಿರಬಾರದು. ಘಾಟಿಯಲ್ಲಿ ನಿಲ್ಲುತ್ತದೆ ಎಂಬ ಬೇಸರಕ್ಕೆ ಡೀಸೆಲ್ ಎಂಜಿನ್ ಕೂರಿಸಿಬಿಟ್ಟರೆ ಆ ಬಾಗಿಲು ಮುಚ್ಚಿದಂತೆ.

ಮೊದಲು ಗಾಡಿ ಯಾವುದೆಂದು ತಿಳಿಯಿರಿ

ದೋಷ ಹುಡುಕುವುದಕ್ಕೂ ಗಾಡಿಯ ಜಾತಕ ನೋಡುವುದಕ್ಕೂ ಏನು ಸಂಬಂಧ ಎಂದು ಕೇಳುವವರಿದ್ದಾರೆ. ನೇರ ಸಂಬಂಧವಿದೆ. ಯಾವ ಅಳತೆ ಸರಿ, ಯಾವುದು ತಪ್ಪು ಎಂಬುದು ಗಾಡಿ ಯಾವುದು ಎಂಬುದರ ಮೇಲೆ ನಿಂತಿದೆ.

ಮುಂಭಾಗದ ಜಾಲರಿಯಿಂದ ಆರಂಭಿಸಿ. ಯುದ್ಧಕಾಲದ ಜೀಪಿನ ಅಚ್ಚೊತ್ತಿದ ಜಾಲರಿಯಲ್ಲಿ ಒಂಬತ್ತು ಸೀಳುಗಳಿವೆ, ಯುದ್ಧದ ನಂತರ ನಾಗರಿಕರಿಗಾಗಿ ಬಂದ ಸಿಜೆ ಮಾದರಿಗಳಲ್ಲಿ ಏಳು. ಬಾನೆಟ್ ಎತ್ತರವಾಗಿದ್ದರೆ ಅದು ಸಿಜೆ3ಬಿ. ಇದು ಅಮೆರಿಕದಲ್ಲಿ 1953ರಲ್ಲಿ ಬಂದ ಮಾದರಿ. 1947ರಿಂದ ವಿಲ್ಲೀಸ್ ಜೀಪುಗಳನ್ನು ಇಲ್ಲಿ ಜೋಡಿಸುತ್ತಿದ್ದ ಮಹೀಂದ್ರಾ ಕಂಪನಿ ಆಮೇಲೆ ಇದನ್ನು ದಶಕಗಳ ಕಾಲ ತಯಾರಿಸಿತು. ಇನ್ನು ವಿಲ್ಲೀಸ್‌ಗೂ ಫೋರ್ಡ್‌ಗೂ ವ್ಯತ್ಯಾಸ ತಿಳಿಯಲು ರೇಡಿಯೇಟರ್ ಕೆಳಗಿನ ಅಡ್ಡಪಟ್ಟಿ ನೋಡಿ. ವಿಲ್ಲೀಸ್‌ನಲ್ಲಿ ಅದು ದುಂಡನೆಯ ಕೊಳವೆ, ಫೋರ್ಡ್‌ನಲ್ಲಿ ಬೋರಲು ಹಾಕಿದ ಪೆಟ್ಟಿಗೆಯ ಆಕಾರ. ಫೋರ್ಡ್ ತನ್ನ ಸಣ್ಣಪುಟ್ಟ ಭಾಗಗಳ ಮೇಲೂ, ಬೋಲ್ಟಿನ ತಲೆಯ ಮೇಲೂ ಎಫ್ ಅಕ್ಷರ ಒತ್ತುತ್ತಿತ್ತು. ವಿಲ್ಲೀಸ್‌ನ ಚಾಸಿ ಸಂಖ್ಯೆ ಮುಂಬಂಪರಿನ ಹಿಂದೆ ಎಡ ಪಟ್ಟಿಗೆ ರಿವೆಟ್ ಹೊಡೆದ ತಗಡಿನಲ್ಲಿರುತ್ತದೆ. ಫೋರ್ಡ್‌ನದು ಎಡ ಪಟ್ಟಿಯ ಮೇಲ್ಮುಖದಲ್ಲೇ ಒತ್ತಿರುತ್ತದೆ, ಬಣ್ಣದ ಪದರ ಕೆರೆದರೆ ಕಾಣುತ್ತದೆ.

ಎಂಜಿನ್ ಬ್ಲಾಕಿನ ಮೇಲೆ, ಆಯಿಲ್ ಫಿಲ್ಟರ್ ಹಿಂದಿನ ಉಬ್ಬಿನಲ್ಲಿ, ಎಂಬಿ ಅಥವಾ ಜಿಪಿಡಬ್ಲ್ಯೂ ಎಂಬ ಅಕ್ಷರಗಳಿಂದ ಆರಂಭವಾಗುವ ಸಂಖ್ಯೆ ಇರುತ್ತದೆ. ಫೋರ್ಡ್ ಚಾಸಿಯ ಮೇಲೆ ವಿಲ್ಲೀಸ್ ಎಂಜಿನ್ ಇದ್ದರೆ ಗಾಬರಿಯಾಗಬೇಡಿ, ಯಾರೋ ಮೋಸ ಮಾಡಿದ್ದಾರೆಂದೂ ತಿಳಿಯಬೇಡಿ. ಎರಡೂ ಕಂಪನಿಗಳ ಭಾಗಗಳು ಪರಸ್ಪರ ಕೂರುವಂತೆಯೇ ಈ ಗಾಡಿಗಳನ್ನು ರೂಪಿಸಲಾಗಿತ್ತು. ಸೇನೆಯ ಕಾರ್ಯಾಗಾರಗಳು ದುರಸ್ತಿಗೆ ಬಂದ ಜೀಪಿಗೆ ಸಿದ್ಧವಿದ್ದ ಎಂಜಿನ್ ಕೂರಿಸಿ ಕಳುಹಿಸುತ್ತಿದ್ದವು. ಆ ಬೆರಕೆಯೇ ಆ ಗಾಡಿಯ ನಿಜವಾದ ಕಥೆ. ಅದನ್ನು "ಶುದ್ಧ" ಮಾಡಲು ಹೊರಡುವುದು ನನಗೆ ಒಪ್ಪಿಗೆಯಾಗದ ಕೆಲಸ.

ನಮ್ಮ ಪರೀಕ್ಷೆಗೆ ಬೇಕಾದದ್ದು ಇಷ್ಟು. ಎಂಬಿ, ಜಿಪಿಡಬ್ಲ್ಯೂ ಎರಡರಲ್ಲೂ ಇರುವುದು 134 ಘನ ಅಂಗುಲದ, ಅಂದರೆ ಸುಮಾರು 2.2 ಲೀಟರಿನ ನಾಲ್ಕು ಸಿಲಿಂಡರ್ ಎಂಜಿನ್. ಶಕ್ತಿ 60 ಅಶ್ವಬಲ. ವಾಲ್ವುಗಳೆಲ್ಲ ಬ್ಲಾಕಿನಲ್ಲೇ ಇವೆ, ಹೆಡ್ ಚಪ್ಪಟೆ. ವಿದ್ಯುತ್ ವ್ಯವಸ್ಥೆ 6 ವೋಲ್ಟ್, ಋಣ ತುದಿ ಚಾಸಿಗೆ. ಕಿಡಿ ಹಾರುವ ಕ್ರಮ 1-3-4-2, ಪಾಯಿಂಟ್ (ಕಾಯಿಲಿನ ವಿದ್ಯುತ್ತನ್ನು ಕಡಿದು ಕೂಡಿಸುವ ಸಣ್ಣ ಸ್ವಿಚ್ಚು) ಅಂತರ 20 ಥೌ, ಅಂದರೆ ಅಂಗುಲದ ಸಾವಿರದಲ್ಲಿ 20 ಪಾಲು, ಪ್ಲಗ್ ಅಂತರ 30 ಥೌ, ಟೈಮಿಂಗ್ ಪಿಸ್ಟನ್ ಮೇಲ್ತುದಿ ಮುಟ್ಟುವ 5 ಡಿಗ್ರಿ ಮೊದಲು. ಸಿಜೆ3ಬಿಯಲ್ಲೂ 134 ಘನ ಅಂಗುಲವೇ, ಆದರೆ ಒಳಹರಿವಿನ ವಾಲ್ವು ಹೆಡ್ಡಿನಲ್ಲಿದೆ, ಕಾರ್ಬುರೇಟರ್ ಹೆಡ್ಡಿನ ಮೇಲೆ ಕೂತಿದೆ. ಈ ಒಂದು ವ್ಯತ್ಯಾಸ ಶಾಖದ ವಿಚಾರದಲ್ಲಿ ಮುಖ್ಯವಾಗುತ್ತದೆ. ಮುಂದೆ ಹೇಳುತ್ತೇನೆ.

ಇನ್ನೊಂದು ಪ್ರಶ್ನೆಯನ್ನು ಮನೆಯ ಹಿರಿಯರಲ್ಲಿ ಕೇಳಲೇಬೇಕು: ಈ ಗಾಡಿಗೆ ಯಾವಾಗಲಾದರೂ 12 ವೋಲ್ಟ್ ಬ್ಯಾಟರಿ ಹಾಕಿಸಿದ್ದರೇ? ತೋಟದ ಕೆಲಸಕ್ಕೆಂದು, ಹೆಡ್‌ಲೈಟ್ ಮಂಕು ಎಂದು, ಹಾಗೆ ಬದಲಾದ ಜೀಪುಗಳು ನಮ್ಮ ಕಡೆ ಬಹಳ. ಬ್ಯಾಟರಿ, ಬಲ್ಬು ಬದಲಾಗಿ ಕಾಯಿಲ್ ಮಾತ್ರ 6 ವೋಲ್ಟಿನದೇ ಉಳಿದಿದ್ದರೆ, ಪಾಯಿಂಟ್ ಮುಚ್ಚಿದ್ದಾಗ ಅದರೊಳಗೆ ಹುಟ್ಟುವ ಶಾಖ ನಾಲ್ಕು ಪಟ್ಟಾಗುತ್ತದೆ. ಸ್ವಲ್ಪ ದೂರ ಚೆನ್ನಾಗಿ ಓಡಿ, ಕಾದು, ಕೈಕೊಟ್ಟು, ತಣಿದ ಮೇಲೆ ಮತ್ತೆ ಎದ್ದೇಳುವುದಕ್ಕೆ ಇದಕ್ಕಿಂತ ಒಳ್ಳೆಯ ಕಾರಣ ಬೇಕಿಲ್ಲ. ಮಲ್ಟಿಮೀಟರ್ ಹಿಡಿದು ಕಾಯಿಲಿನ ಎರಡು ಸಣ್ಣ ತುದಿಗಳ ನಡುವಿನ ರೋಧ ನೋಡಿ. ಸುಮಾರು ಒಂದೂವರೆ ಓಮ್ ಇದ್ದು, ಬ್ಯಾಟರಿ 12 ವೋಲ್ಟಿನದಾಗಿದ್ದು, ನಡುವೆ ವಿದ್ಯುತ್ತನ್ನು ತಗ್ಗಿಸುವ ಬ್ಯಾಲಸ್ಟ್ ರೆಸಿಸ್ಟರ್ ಇಲ್ಲದಿದ್ದರೆ ಘಾಟಿಗೆ ಹೋಗುವ ಮೊದಲೇ ಅದನ್ನು ಸರಿಪಡಿಸಿ.

ನಿಂತ ಜಾಗದಲ್ಲಿ ಮಾಡಬೇಕಾದದ್ದು

ಘಾಟಿಗೆ ಹೋಗುವಾಗ ಹೆಚ್ಚುವರಿ ಪ್ಲಗ್ ಒಂದು, ಮಲ್ಟಿಮೀಟರ್, ಪೆಟ್ರೋಲ್ ತಾಳುವ ಪಾರದರ್ಶಕ ಕೊಳವೆಯ ತುಂಡು, ಮುಚ್ಚಳವಿರುವ ಬಾಟಲಿ, ಹಳೆಯ ಬಟ್ಟೆ, ನೀರು, ಬೆಂಕಿ ಆರಿಸುವ ಉಪಕರಣ, ಒಂದು ನೋಟ್ ಪುಸ್ತಕ ಇರಲಿ. ಜೊತೆಗೆ ಇನ್ನೊಬ್ಬರು ಇರಲೇಬೇಕು. ಗಾಡಿ ನಿಂತ ಕೂಡಲೇ ಹಿಂದಿನ ಚಕ್ರಕ್ಕೆ ಕಲ್ಲು ಕೊಡಿ. ಯುದ್ಧಕಾಲದ ಜೀಪಿನ ಕೈಬ್ರೇಕ್ ಚಕ್ರಗಳನ್ನು ಹಿಡಿಯುವುದಿಲ್ಲ, ಎಂಜಿನ್ ಶಕ್ತಿಯನ್ನು ಮುಂದಿನ, ಹಿಂದಿನ ಚಕ್ರಗಳಿಗೆ ಹಂಚುವ ಟ್ರಾನ್ಸ್‌ಫರ್ ಕೇಸಿನ ಹಿಂದಿರುವ ಡ್ರಮ್ಮನ್ನು ಹಿಡಿಯುತ್ತದೆ. ಅಲ್ಲಿ ಆಯಿಲ್ ಸೋರಿದ್ದರೆ ಇಳಿಜಾರಿನಲ್ಲಿ ಅದನ್ನು ನಂಬುವಂತಿಲ್ಲ.

ಮೊದಲ ಸಾಕ್ಷಿ ಎಂಜಿನ್ ನಿಂತ ರೀತಿ. ಚಾಲಕನ ನೆನಪು ಹಸಿಯಾಗಿರುವಾಗಲೇ ಬರೆದುಕೊಳ್ಳಿ. ದೀಪ ಆರಿಸಿದ ಹಾಗೆ ಒಮ್ಮೆಲೇ ನಿಂತಿತೇ? ಹಾಗಿದ್ದರೆ ಸಂಶಯ ಕಿಡಿಯ ಕಡೆಗೆ. ಎಳೆತ ನಿಧಾನವಾಗಿ ಇಳಿದು, ಜರ್ಕ್ ಹೊಡೆದು, ಕಾರ್ಬುರೇಟರಿನಲ್ಲಿ ಹಿಮ್ಮುಖವಾಗಿ ಸೀನಿ ನಿಂತಿತೇ? ಹಾಗಿದ್ದರೆ ಪೆಟ್ರೋಲಿನ ಕಡೆಗೆ. ನಿಲ್ಲುವ ಹಂತದಲ್ಲಿ ಚೋಕ್ ಎಳೆದಾಗ ಕ್ಷಣಕಾಲ ಜೀವ ಬಂದಿದ್ದರೆ ಎಂಜಿನ್‌ಗೆ ಪೆಟ್ರೋಲ್ ಸಾಲುತ್ತಿಲ್ಲ ಎಂಬುದು ಬಹುತೇಕ ಖಚಿತ. ಕಿಡಿಯೇ ಇಲ್ಲದ ಎಂಜಿನ್ ಚೋಕಿಗೆ ಸ್ಪಂದಿಸುವುದಿಲ್ಲ.

ಸೆಲ್ಫ್ ಹೊಡೆಯುತ್ತಾ ಕೂರಬೇಡಿ. 6 ವೋಲ್ಟ್ ಬ್ಯಾಟರಿಯ ಶಕ್ತಿ ಅಲ್ಲೇ ಮುಗಿದು ಮುಂದಿನ ಪರೀಕ್ಷೆಗಳೆಲ್ಲ ಸುಳ್ಳಾಗುತ್ತವೆ. ಮೊದಲು ಕಿಡಿ ನೋಡಿ. ಪೆಟ್ರೋಲ್ ಪೈಪ್ ಬಿಚ್ಚುವುದಕ್ಕಿಂತ ಮೊದಲೇ ಇದನ್ನು ಮುಗಿಸಬೇಕು. ಪೆಟ್ರೋಲ್ ಚೆಲ್ಲಿದ ಜಾಗದಲ್ಲಿ ಕಿಡಿ ಹಾರಿಸುವ ಮಾತೇ ಇಲ್ಲ. ಒಂದು ಪ್ಲಗ್ ತಂತಿ ತೆಗೆದು ಹೆಚ್ಚುವರಿ ಪ್ಲಗ್ಗಿಗೆ ಸಿಕ್ಕಿಸಿ, ಅದರ ಮೈಯನ್ನು ಹೆಡ್ಡಿನ ಬೋಲ್ಟಿಗೆ ತಾಗಿಸಿ, ಜೊತೆಗಾರರಿಂದ ಎಂಜಿನ್ ತಿರುಗಿಸಿ. ನೀಲಿ, ಗಟ್ಟಿ ಕಿಡಿ ಬಂದರೆ ಕಾಯಿಲ್, ಪಾಯಿಂಟ್, ಪಾಯಿಂಟ್ ತುದಿಯಲ್ಲಿ ಮಿಂಚು ಹಾರದಂತೆ ತಡೆಯುವ ಕಂಡೆನ್ಸರ್ ಮೂರೂ ಆ ಹೊತ್ತಿಗೆ ನಿರಪರಾಧಿಗಳು. ಹಳದಿ, ಸೊರಗಿದ ಕಿಡಿ ಬಂದರೂ, ಕಿಡಿಯೇ ಬಾರದಿದ್ದರೂ ಕೆಳಗಿನ 'ಕಿಡಿ ಇಲ್ಲದಿದ್ದರೆ' ಎಂಬ ಭಾಗಕ್ಕೆ ಹೋಗಿ. ಕತ್ತಲಾಗಿದ್ದರೆ ಈ ಜೀಪಿನಲ್ಲೇ ಒಂದು ಅನುಕೂಲವಿದೆ. ಯುದ್ಧಕಾಲದ ಮಾದರಿಯ ಹೆಡ್‌ಲೈಟುಗಳು ಕೀಲಿನ ಮೇಲೆ ಕೂತಿವೆ. ತಿರುಪು ಸಡಿಲಿಸಿ ಹಿಂದಕ್ಕೆ ಮಡಚಿದರೆ ಬೆಳಕು ಎಂಜಿನ್ ಮೇಲೆ ಬೀಳುತ್ತದೆ. ರಾತ್ರಿ ರಸ್ತೆಬದಿಯಲ್ಲಿ ಕೆಲಸ ಮಾಡುವ ಸೈನಿಕನನ್ನು ನೆನೆದು ಮಾಡಿದ ಏರ್ಪಾಡು ಅದು. ಇಂದಿಗೂ ಅಷ್ಟೇ ಉಪಯುಕ್ತ.

ಕಿಡಿ ಸರಿ ಇದ್ದರೆ ಕಾರ್ಬುರೇಟರಿನ ಮೇಲಿನ ಗಾಳಿಯ ಕೊಳವೆ ಬಿಚ್ಚಿ, ಬಾಯಿಯೊಳಗೆ ನೋಡುತ್ತಾ, ಎಂಜಿನ್ ನಿಂತಿರುವಾಗಲೇ ಆಕ್ಸಿಲರೇಟರ್ ಕಡ್ಡಿಯನ್ನು ಕೈಯಿಂದ ಒಮ್ಮೆ ಪೂರ್ತಿ ಎಳೆಯಿರಿ. ಒಳಗೆ ಪೆಟ್ರೋಲಿನ ಸಣ್ಣ ಧಾರೆ ಚಿಮ್ಮಬೇಕು. ಚಿಮ್ಮಿದರೆ ಕಾರ್ಬುರೇಟರಿನ ಬೌಲಿನಲ್ಲಿ, ಅಂದರೆ ಪೆಟ್ರೋಲ್ ಶೇಖರವಾಗುವ ಸಣ್ಣ ಬಟ್ಟಲಿನಲ್ಲಿ, ಪೆಟ್ರೋಲ್ ಇದೆ. ಚಿಮ್ಮದಿದ್ದರೆ ಬೌಲ್ ಬರಿದಾಗಿದೆ, ಅಂದರೆ ಟ್ಯಾಂಕಿನಿಂದ ಇಲ್ಲಿಯವರೆಗಿನ ದಾರಿಯಲ್ಲೆಲ್ಲೋ ಅಡ್ಡಿಯಿದೆ. ಯಾವ ಉಪಕರಣವೂ ಬೇಡದ ಈ ಪರೀಕ್ಷೆಗೆ ಹಿಡಿಯುವುದು ಅರ್ಧ ನಿಮಿಷ. ಇದನ್ನೊಂದು ಮಾಡಿದ್ದರೆ ಎಷ್ಟೋ ಕಾರ್ಬುರೇಟರುಗಳು ಗುಜರಿ ಸೇರುತ್ತಿರಲಿಲ್ಲ.

ಆಮೇಲೆ ಟ್ಯಾಂಕಿನ ಮುಚ್ಚಳ ಸಡಿಲಿಸಿ. ಒಳಕ್ಕೆ ಗಾಳಿ ನುಗ್ಗುವ ಸದ್ದು ಕೇಳಿಸಿದರೆ ಮುಚ್ಚಳದ ಉಸಿರುಕಂಡಿ ಮುಚ್ಚಿಹೋಗಿದೆ. ಪಂಪ್ ಎಳೆದಷ್ಟೂ ಒಳಗೆ ನಿರ್ವಾತ ಬೆಳೆದು ಕೊನೆಗೆ ಪೆಟ್ರೋಲ್ ಬಾರದಾಗುತ್ತದೆ. ಪೇಟೆಯಲ್ಲಿ ಅಳತೆ ಹೊಂದುತ್ತದೆಂದು ತಂದ, ಕಂಡಿಯೇ ಇಲ್ಲದ ಮುಚ್ಚಳ ಹಾಕಿದ ಗಾಡಿಗಳಲ್ಲಿ ಇದು ಸಾಮಾನ್ಯ.

ಶಾಖದ ಸಂಶಯವಿದ್ದರೆ ತಣಿಸಿ ನೋಡಬಹುದು. ಆದರೆ ಒಂದು ಬಾರಿಗೆ ಒಂದನ್ನು ಮಾತ್ರ. ಒದ್ದೆ ಬಟ್ಟೆಯನ್ನು ಪಂಪಿಗಷ್ಟೇ ಸುತ್ತಿ, ಎರಡು ನಿಮಿಷ ಬಿಟ್ಟು, ಪಂಪಿನ ಕೈಸನ್ನೆ ಒತ್ತಿ ಬೌಲ್ ತುಂಬಿಸಿ ಸ್ಟಾರ್ಟ್ ಮಾಡಿ. ಗಾಡಿ ಹೊರಟರೆ ಪಂಪಿನಲ್ಲೋ ಅದಕ್ಕೆ ಸೇರುವ ಪೈಪಿನಲ್ಲೋ ಪೆಟ್ರೋಲ್ ಆವಿಯಾಗಿ ದಾರಿ ಕಟ್ಟಿತ್ತು ಎನ್ನಬಹುದು. ಪಂಪ್, ಕಾಯಿಲ್, ಕಾರ್ಬುರೇಟರ್ ಎಲ್ಲದರ ಮೇಲೂ ಒಟ್ಟಿಗೆ ನೀರು ಸುರಿದರೆ ಗಾಡಿ ಹೊರಟೀತು, ಆದರೆ ಕಾರಣ ತಿಳಿಯುವುದಿಲ್ಲ. ಎಂಜಿನ್ನಿನ ಹೊಗೆ ಹೊರಹೋಗುವ ಕಾದ ಎಗ್ಸಾಸ್ಟ್ ಮ್ಯಾನಿಫೋಲ್ಡಿನ ಮೇಲೆ ಒಂದು ಹನಿ ನೀರೂ ಬೀಳಬಾರದು. ಎರಕದ ಕಬ್ಬಿಣ ಬಿರುಕು ಬಿಡುತ್ತದೆ. ಅಂಥ ಮ್ಯಾನಿಫೋಲ್ಡ್ ಮತ್ತೆ ಸಿಗುವುದು ಕಷ್ಟ.

ಕಿಡಿ ಇಲ್ಲದಿದ್ದರೆ

ಕಾಯಿಲಿನ ನಡುವಿನ ದಪ್ಪ ತಂತಿ ಬಿಚ್ಚಿ ಎಂಜಿನ್ ಮೈಗೆ ತಾಗುವಂತೆ ಇಡಿ. ಇಗ್ನಿಷನ್ ಆನ್ ಮಾಡಿ, ಮುಂದಿನಿಂದ ಹ್ಯಾಂಡಲ್ ಹಾಕಿ ಎಂಜಿನ್ ಅನ್ನು ನಿಧಾನವಾಗಿ ತಿರುಗಿಸಿ. ಹೆಬ್ಬೆರಳು ಉಳಿದ ಬೆರಳುಗಳ ಪಕ್ಕದಲ್ಲೇ ಇರಲಿ, ಹ್ಯಾಂಡಲನ್ನು ಸುತ್ತಿ ಹಿಡಿಯಬೇಡಿ. ಜೊತೆಗಾರರು ಆಂಪಿಯರ್ ಮೀಟರ್ ನೋಡುತ್ತಿರಲಿ. ಪಾಯಿಂಟ್ ಮುಚ್ಚಿದಾಗ ಮುಳ್ಳು ಋಣದ ಕಡೆಗೆ ಸ್ವಲ್ಪ ವಾಲಬೇಕು, ತೆರೆದಾಗ ಸೊನ್ನೆಗೆ ಮರಳಬೇಕು. ಮುಳ್ಳು ಅಲುಗದಿದ್ದರೆ ಕಾಯಿಲಿಗೆ ವಿದ್ಯುತ್ತೇ ಹೋಗುತ್ತಿಲ್ಲ ಅಥವಾ ಪಾಯಿಂಟ್ ಮುಚ್ಚುತ್ತಿಲ್ಲ. ವಾಲಿದ್ದು ಮರಳದಿದ್ದರೆ ಪಾಯಿಂಟ್ ತೆರೆಯುತ್ತಿಲ್ಲ, ಅಥವಾ ಕಂಡೆನ್ಸರ್ ಒಳಗೇ ಶಾರ್ಟ್ ಆಗಿದೆ. ಮುಳ್ಳು ಸರಿಯಾಗಿ ಆಡುತ್ತಿದ್ದರೂ ಕಿಡಿ ಸೊರಗಿದ್ದು, ಪಾಯಿಂಟ್ ತುದಿಯಲ್ಲಿ ದಪ್ಪ ಮಿಂಚು ಕಾಣಿಸಿದರೆ ಕಂಡೆನ್ಸರ್ ಬಿಸಿಗೆ ಸೋಲುತ್ತಿದೆ.

ಹೊಸದಾಗಿ ಬಣ್ಣ ಬಳಿದು ಸಿಂಗರಿಸಿದ ಜೀಪುಗಳಲ್ಲಿ ಮಾತ್ರ ಕಾಣುವ ಒಂದು ದೋಷವಿದೆ. ಅದರ ಬಗ್ಗೆ ಸ್ವಲ್ಪ ವಿವರವಾಗಿ ಹೇಳಬೇಕು. ಅಮೆರಿಕದ ಸೇನೆಯ ಜೀಪಿನ ಬಾನೆಟ್ ಮೇಲಿನ ಸಂಖ್ಯೆಯ ಕೊನೆಯಲ್ಲಿ ಎಸ್ ಅಕ್ಷರವಿದ್ದರೆ, ರೇಡಿಯೋಗೆ ಗೊರಗೊರ ಸದ್ದು ಹೋಗದಂತೆ ಆ ಗಾಡಿಯ ಕಿಡಿಯ ವ್ಯವಸ್ಥೆಯನ್ನು ಪಳಗಿಸಲಾಗಿತ್ತು ಎಂದರ್ಥ. ಅದಕ್ಕಾಗಿ ಪ್ಲಗ್ ತಂತಿಗಳಿಗೆ ಸಪ್ರೆಸರ್‌ಗಳನ್ನು ಸೇರಿಸಿ, ಎಂಜಿನ್, ಬಾನೆಟ್, ಚಾಸಿ, ಬಾಡಿಗಳ ನಡುವೆ ಹೆಣೆದ ತಾಮ್ರದ ಪಟ್ಟಿಗಳನ್ನು ಬಿಗಿದಿರುತ್ತಿದ್ದರು. ಹಲ್ಲಿನ ವಾಷರುಗಳು ಬರಿಯ ಲೋಹವನ್ನು ಕಚ್ಚುವಂತೆ ಆ ಪಟ್ಟಿಗಳನ್ನು ಕೂರಿಸುತ್ತಿದ್ದರು. ಗಾಡಿಗೆ ದಪ್ಪನೆಯ ಹೊಸ ಬಣ್ಣ ಬಳಿದಾಗ ಆ ಕಚ್ಚುವ ಜಾಗಗಳೆಲ್ಲ ಬಣ್ಣದಡಿ ಮುಚ್ಚಿಹೋಗುತ್ತವೆ. ನೋಡಲು ಗಾಡಿ ಕಾರ್ಖಾನೆಯಿಂದ ಈಗಷ್ಟೇ ಬಂದಂತಿರುತ್ತದೆ, ವಿದ್ಯುತ್ತಿಗೆ ಮಾತ್ರ ಮರಳುವ ದಾರಿ ಇರುವುದಿಲ್ಲ. 12 ವೋಲ್ಟಿನ ಗಾಡಿ ಅರ್ಧ ವೋಲ್ಟ್ ನಷ್ಟವನ್ನು ಸಹಿಸಿಕೊಳ್ಳಬಹುದು. 6 ವೋಲ್ಟಿನದಕ್ಕೆ ಅದು ಹನ್ನೆರಡರಲ್ಲಿ ಒಂದು ಪಾಲು.

ಇದನ್ನು ಅಳೆಯುವುದು ಸುಲಭ. ಇಗ್ನಿಷನ್ ಆನ್ ಇದ್ದು, ಪಾಯಿಂಟ್ ಮುಚ್ಚಿರುವಾಗ, ಮಲ್ಟಿಮೀಟರಿನ ಒಂದು ಕಡ್ಡಿಯನ್ನು ಬ್ಯಾಟರಿಯ ಋಣ ತುದಿಗೂ ಇನ್ನೊಂದನ್ನು ಕಿಡಿಯನ್ನು ಪ್ಲಗ್ಗುಗಳಿಗೆ ಹಂಚುವ ಡಿಸ್ಟ್ರಿಬ್ಯೂಟರಿನ ಮೈಗೂ ಹಿಡಿಯಿರಿ. 0.1 ವೋಲ್ಟಿಗಿಂತ ಹೆಚ್ಚು ತೋರಿಸಿದರೆ ಅರ್ಥ್ ದುರ್ಬಲ. ಹಾಗೆಯೇ ಬ್ಯಾಟರಿಯ ಧನ ತುದಿಗೂ ಕಾಯಿಲಿನ ತುದಿಗೂ ನಡುವೆ ಅಳೆಯಿರಿ. ಕಾಲು ವೋಲ್ಟಿಗಿಂತ ಹೆಚ್ಚು ಕಳೆದುಹೋಗುತ್ತಿದ್ದರೆ ಸ್ವಿಚ್ಚಿನಲ್ಲೋ ಜೋಡಣೆಯಲ್ಲೋ ಕಿಲುಬು ಹಿಡಿದಿದೆ. ತಾಮ್ರದ ಪಟ್ಟಿಯ ಕೆಳಗಿನ ಬಣ್ಣವನ್ನು ನಾಣ್ಯದಗಲ ಮಾತ್ರ ಕೆರೆದು, ಬಿಗಿದು, ಮೇಲೆ ತೆಳುವಾಗಿ ವ್ಯಾಸಲೀನ್ ಹಚ್ಚಿ.

ಕಿಡಿ ಇದೆ, ಪೆಟ್ರೋಲ್ ಬರುತ್ತಿಲ್ಲ

ಆಗುಂಬೆಯಲ್ಲಿ ನಿಲ್ಲುವ ಜೀಪುಗಳಲ್ಲಿ ನಾನು ಹೆಚ್ಚು ಕಂಡಿರುವುದು ಇದನ್ನೇ. ಟ್ಯಾಂಕ್ ಚಾಲಕನ ಸೀಟಿನ ಕೆಳಗಿದೆ, ಪಂಪ್ ಎಂಜಿನ್ ಬ್ಲಾಕಿನ ಮೈಗೆ ಬಿಗಿದಿದೆ. ಗಾಡಿ ಮೂತಿ ಮೇಲೆತ್ತಿ ಏರುವಾಗ ಪಂಪ್ ಇನ್ನೂ ಎತ್ತರಕ್ಕೆ ಹೋಗುತ್ತದೆ. ಅಷ್ಟು ದೂರದಿಂದ ಪೆಟ್ರೋಲನ್ನು ಎಳೆಯುವುದು ಪಂಪಿನೊಳಗಿನ ಒಂದು ಸಣ್ಣ ಡಯಾಫ್ರಮ್, ಅಂದರೆ ಮೇಲೆ ಕೆಳಗೆ ಆಡುವ ತೆಳು ಪೊರೆ. ಎಳೆಯುವ ಬದಿಯ ಪೈಪಿನಲ್ಲಿ ಸಣ್ಣ ತೂತಿದ್ದರೆ ಪೆಟ್ರೋಲ್ ಹೊರಕ್ಕೆ ಸೋರುವುದಿಲ್ಲ, ಗಾಳಿ ಒಳಕ್ಕೆ ಹೋಗುತ್ತದೆ. ಹಾಗಾಗಿ ಕೆಳಗೆ ಒದ್ದೆಯಾಗಿಲ್ಲ ಎಂಬುದನ್ನೇ ನಂಬಿ ಪೈಪ್ ಸರಿಯಿದೆ ಎಂದುಕೊಳ್ಳಬೇಡಿ. ಪಂಪಿನ ಒಳಹರಿವಿಗೆ ಪಾರದರ್ಶಕ ಕೊಳವೆಯ ತುಂಡನ್ನು ತಾತ್ಕಾಲಿಕವಾಗಿ ಸೇರಿಸಿ, ಎಂಜಿನ್ ಓಡುವಾಗ ನೋಡಿ. ಸಾಲುಗಟ್ಟಿದ ಗುಳ್ಳೆಗಳು ಬರುತ್ತಿದ್ದರೆ ಗಾಳಿ ಸೇರುತ್ತಿದೆ. ಗುಳ್ಳೆಯೂ ಇಲ್ಲ, ಪೆಟ್ರೋಲೂ ಇಲ್ಲ ಎಂದರೆ ಹಿಂದೆಲ್ಲೋ ಕಟ್ಟಿಕೊಂಡಿದೆ.

ತೀರ್ಥಹಳ್ಳಿ ಕಡೆಯ ಅಡಿಕೆ ತೋಟದವರೊಬ್ಬರ ಜೀಪ್ ಇದಕ್ಕೆ ಒಳ್ಳೆಯ ಉದಾಹರಣೆ. "ಮಾರಾಯರೇ, ಪಂಪ್ ಹೊಸದು, ಕಾಯಿಲ್ ಹೊಸದು, ಕಾರ್ಬುರೇಟರ್ ಕೂಡ ಬೇರೆ ಹಾಕಿಸಿ ಆಯಿತು. ಇನ್ನು ಎಂಜಿನ್ನೇ ಬದಲಾಯಿಸಬೇಕೇನೋ" ಎಂದು ಅವರು ಬೇಸರದಿಂದ ಹೇಳಿದರು. ಘಾಟಿಯಲ್ಲಿ ನಿಂತಾಗ ನೋಡಿದೆವು. ಕಿಡಿ ನೀಲಿ, ಗಟ್ಟಿ. ಆಕ್ಸಿಲರೇಟರ್ ಎಳೆದರೆ ಕಾರ್ಬುರೇಟರಿನಲ್ಲಿ ಧಾರೆಯಿಲ್ಲ. ಟ್ಯಾಂಕಿನ ಮುಚ್ಚಳ ತೆರೆದರೆ ಸದ್ದಿಲ್ಲ. ಪಂಪಿಗೆ ಒದ್ದೆ ಬಟ್ಟೆ ಸುತ್ತಿದರೂ ಬದಲಾವಣೆಯಿಲ್ಲ. ಪಾರದರ್ಶಕ ಕೊಳವೆಯಲ್ಲಿ ಗುಳ್ಳೆಯಿಲ್ಲ, ಹರಿವೂ ಇಲ್ಲ. ಉಳಿದದ್ದು ಚಾಸಿಯ ಉಕ್ಕಿನ ಪೈಪಿನಿಂದ ಪಂಪಿಗೆ ಬರುವ ಗೇಣುದ್ದದ ರಬ್ಬರ್ ಪೈಪ್ ಮತ್ತು ಅದರ ಹಿಂದಿನ ದಾರಿ. ರಬ್ಬರ್ ಪೈಪನ್ನು ಬೆರಳಿನಿಂದ ಒತ್ತಿದರೆ ಮೆತ್ತಗೆ ಒಳಗೆ ಹೋಯಿತು. ಹೊರಗಿನಿಂದ ಹೊಸದಾಗಿಯೇ ಕಾಣುತ್ತಿದ್ದ ಪೈಪಿನ ಒಳಪದರ ಉಬ್ಬಿ, ಹಿಗ್ಗಿ, ಬಿಸಿಯಾದಾಗ ಪಂಪಿನ ಎಳೆತಕ್ಕೆ ಚಪ್ಪಟೆಯಾಗಿ ಅಂಟಿಕೊಳ್ಳುತ್ತಿತ್ತು. ತಣ್ಣಗಾದ ಮೇಲೆ ಗಟ್ಟಿಯಾಗಿ ತೆರೆದುಕೊಳ್ಳುತ್ತಿತ್ತು. ಕೆಲವೇ ರೂಪಾಯಿಯ ಪೈಪ್ ಬದಲಾಯಿಸಿದ ಮೇಲೆ ಅದೇ ಘಾಟಿಯನ್ನು ಆ ಜೀಪ್ ನಿಲ್ಲದೆ ಏರಿತು. ಆದರೆ ಅಷ್ಟು ಹೊತ್ತಿಗೆ ಅದರ ಹಳೆಯ ಪಂಪ್ ಗುಜರಿಗೆ ಹೋಗಿಯಾಗಿತ್ತು. ಎಫ್ ಗುರುತಿನ ಬೋಲ್ಟುಗಳು ಇನ್ನೂ ಅಲ್ಲಲ್ಲಿ ಉಳಿದಿದ್ದ ಫೋರ್ಡ್ ಗಾಡಿ ಅದು. ಆ ಪಂಪ್ ಏನನ್ನು ಹೇಳುತ್ತಿತ್ತೋ ಅದು ಶಾಶ್ವತವಾಗಿ ಹೋಯಿತು ಎಂಬುದು ನನಗೆ ಇಂದಿಗೂ ನೋವಿನ ವಿಷಯ.

ಈಗಿನ ಪೆಟ್ರೋಲ್

ಆ ಪೈಪ್ ಮೆತ್ತಗಾದದ್ದಕ್ಕೆ ಕಾರಣ ಎಥನಾಲ್. ಈಗ ಬಂಕುಗಳಲ್ಲಿ ಸಿಗುವ ಸಾಮಾನ್ಯ ಪೆಟ್ರೋಲಿನಲ್ಲಿ 20 ಶೇಕಡಾವರೆಗೆ ಎಥನಾಲ್ ಇರುತ್ತದೆ. 1940ರ ದಶಕದ ಎಂಜಿನ್ ಅದನ್ನು ನೆನೆದು ರೂಪಿಸಿದ್ದಲ್ಲ. ಹಳೆಯ ಬಗೆಯ ರಬ್ಬರ್, ಪಂಪಿನ ಡಯಾಫ್ರಮ್, ಕಾರ್ಬುರೇಟರಿನ ಪ್ಯಾಕಿಂಗ್ ಅದಕ್ಕೆ ಉಬ್ಬುತ್ತವೆ ಅಥವಾ ಬಿರಿಯುತ್ತವೆ. ಟ್ಯಾಂಕಿನಲ್ಲಿ ದಶಕಗಳಿಂದ ಅಂಟಿದ್ದ ಜಿಡ್ಡನ್ನು ಅದು ಕರಗಿಸಿ ಎಳೆತರುತ್ತದೆ. ಹಾಗಾಗಿ ಎಥನಾಲ್ ತಾಳುವ ಡಯಾಫ್ರಮ್ ಹಾಕಿಸಿ. ಪೈಪಿನ ಮೈಮೇಲೆ ಎಸ್‌ಎಇ ಜೆ30 ಆರ್9 ಎಂಬ ಮಾನದಂಡದ ಗುರುತು ಮುದ್ರಿಸಿದ್ದನ್ನೇ ಕೇಳಿ ಕೊಳ್ಳಿ. ಹಳೆಯ ಪಂಪಿನ ಮೈ ಹಾಗೆಯೇ ಇರಲಿ, ಒಳಗಿನ ರಬ್ಬರ್ ಮಾತ್ರ ಬದಲಾಗಲಿ.

ಇನ್ನೊಂದು ಪರಿಣಾಮ ಕಣ್ಣಿಗೆ ಕಾಣುವುದಿಲ್ಲ. ಒಂದು ಕಿಲೋ ಪೆಟ್ರೋಲ್ ಪೂರ್ತಿ ಉರಿಯಲು ಸುಮಾರು 14.7 ಕಿಲೋ ಗಾಳಿ ಬೇಕು, ಒಂದು ಕಿಲೋ ಎಥನಾಲಿಗೆ ಸುಮಾರು 9 ಕಿಲೋ ಸಾಕು. ಪೆಟ್ರೋಲ್ ಹಾಯುವ ಕಾರ್ಬುರೇಟರಿನ ಸಣ್ಣ ಕಂಡಿ, ಅಂದರೆ ಜೆಟ್, ಹಳೆಯ ಲೆಕ್ಕದಲ್ಲೇ ಇರುವುದರಿಂದ ಮಿಶ್ರಣ ತೆಳ್ಳಗಾಗುತ್ತದೆ. ಘಾಟಿಯ ಭಾರದಲ್ಲಿ ತೆಳು ಮಿಶ್ರಣ ಎಂದರೆ ಎಂಜಿನ್ ಇನ್ನಷ್ಟು ಕಾಯುತ್ತದೆ. ಪ್ಲಗ್ ಬಿಚ್ಚಿದಾಗ ತುದಿ ಸುಣ್ಣದಂತೆ ಬೆಳ್ಳಗಿದ್ದರೆ ಇದೇ ಗುರುತು. ಕಾರ್ಟರ್ ಕಾರ್ಬುರೇಟರಿನಲ್ಲಿ ಪೆಟ್ರೋಲಿನ ಪ್ರಮಾಣ ನಿಯಂತ್ರಿಸುವ ಮೀಟರಿಂಗ್ ರಾಡನ್ನು ತಿಳಿದವರಿಂದ ಹೊಂದಿಸಿಕೊಳ್ಳಬೇಕು.

ನಿಮ್ಮ ಟ್ಯಾಂಕಿನಲ್ಲಿ ಎಷ್ಟು ಎಥನಾಲ್ ಇದೆ ಎಂದು ಮನೆಯಲ್ಲೇ ನೋಡಬಹುದು. ಅಳತೆ ಗೆರೆಗಳಿರುವ ಗಾಜಿನ ನಳಿಗೆಯಲ್ಲಿ 100 ಮಿಲಿಲೀಟರ್ ಪೆಟ್ರೋಲ್, 10 ಮಿಲಿಲೀಟರ್ ನೀರು ಹಾಕಿ, ಮುಚ್ಚಿ ಕುಲುಕಿ, ಬಯಲಲ್ಲಿ ಕೆಲವು ನಿಮಿಷ ಬಿಡಿ. ಎಥನಾಲ್ ನೀರಿನೊಂದಿಗೆ ಕೆಳಗಿಳಿಯುತ್ತದೆ. ಕೆಳಗಿನ ಪದರ 10ರಿಂದ 30ರ ಹತ್ತಿರಕ್ಕೆ ಏರಿದರೆ ಸುಮಾರು 20 ಶೇಕಡಾ ಎಥನಾಲ್. ಮಳೆಗಾಲದಲ್ಲಿ ತಿಂಗಳುಗಟ್ಟಲೆ ನಿಂತ ಜೀಪಿನ ಟ್ಯಾಂಕಿನೊಳಗೂ ಇದೇ ನಡೆಯುತ್ತದೆ. ವರ್ಷಕ್ಕೆ 7,000 ಮಿಲಿಮೀಟರ್ ಮೀರಿ ಮಳೆ ಸುರಿಯುವ ಆಗುಂಬೆಯ ಸುತ್ತಿನ ಗಾಳಿಯಲ್ಲಿ ತೇವಕ್ಕೆ ಕೊರತೆಯಿಲ್ಲ. ನೀರು ಸೇರುತ್ತಾ ಹೋಗಿ ಒಂದು ಹಂತ ಮೀರಿದರೆ ನೀರೂ ಎಥನಾಲೂ ಬೇರ್ಪಟ್ಟು ಟ್ಯಾಂಕಿನ ತಳಕ್ಕೆ ಇಳಿಯುತ್ತವೆ. ಪೆಟ್ರೋಲ್ ಎಳೆಯುವ ಕೊಳವೆಯೂ ತಳದ ಹತ್ತಿರವೇ ಇದೆ. ದಸರೆಯ ಹೊತ್ತಿಗೆ ಗಾಡಿ ತೆಗೆಯುವವರು ಮೊದಲು ಟ್ಯಾಂಕಿನ ತಳದಿಂದ ಒಂದು ಬಾಟಲಿ ಇಳಿಸಿ, ಬೆಳಕಿಗೆ ಹಿಡಿದು, ಎರಡು ಪದರ ಕಾಣುತ್ತದೆಯೇ ನೋಡಬೇಕು.

ಟ್ಯಾಂಕ್ ಕೂರುವ ಗುಣಿಯನ್ನೂ ಆಗಲೇ ನೋಡಿ. ಸೀಟಿನ ಕೆಳಗಿನ ಆ ತಗಡಿನ ತೊಟ್ಟಿಯಲ್ಲಿ ಮಳೆನೀರು, ಎಲೆ, ಕೆಸರು ಸೇರಿ ನೀರಿಳಿಯುವ ತೂತುಗಳು ಮುಚ್ಚಿಹೋಗುತ್ತವೆ. ಟ್ಯಾಂಕ್ ಹೊರಗಿನಿಂದ ತುಕ್ಕು ಹಿಡಿದು ಸೂಜಿಮೊನೆಯಷ್ಟು ತೂತಾಗುವುದು ಅಲ್ಲಿಂದಲೇ.

ಶಾಖ ಹೆಚ್ಚುತ್ತಿರುವುದು ಏಕೆ

ಪಂಪ್ ತಣಿಸಿದಾಗ ಗಾಡಿ ಹೊರಟಿದ್ದರೆ ಪೆಟ್ರೋಲ್ ಆವಿಯಾಗುತ್ತಿದೆ ಎಂದು ತಿಳಿಯಿತು. ಆದರೆ ಈ ಜೀಪ್ ಉತ್ತರ ಆಫ್ರಿಕಾದ ಮರುಭೂಮಿಯಲ್ಲೂ ಬರ್ಮಾದ ಕಾಡಿನಲ್ಲೂ ಓಡಿದೆ. ನಮ್ಮ ಘಾಟಿಯ ಸೆಕೆಗೆ ಅದು ಸೋಲಬೇಕಾದ್ದಿಲ್ಲ. ಚಪ್ಪಟೆ ಹೆಡ್ಡಿನ ಎಂಜಿನ್‌ನಲ್ಲಿ ಗಾಳಿ ಒಳಬರುವ ಮ್ಯಾನಿಫೋಲ್ಡೂ ಹೊಗೆ ಹೊರಹೋಗುವ ಮ್ಯಾನಿಫೋಲ್ಡೂ ಒಂದೇ ಬದಿಯಲ್ಲಿ ಅಂಟಿಕೊಂಡಿವೆ, ಕಾರ್ಬುರೇಟರ್ ಅವುಗಳ ಮೇಲೆಯೇ ಕೂತಿದೆ. ಚಳಿಯಲ್ಲಿ ಬೇಗ ಬೆಚ್ಚಗಾಗಲೆಂದು ಹೊಗೆಯ ಬಿಸಿಯನ್ನು ಮೇಲಕ್ಕೆ ತಿರುಗಿಸುವ ಒಂದು ಕವಾಟ ನಡುವೆ ಇದೆ. ಹೊರಗೆ ಸಣ್ಣ ತೂಕದ ಗುಂಡೂ ಸುರುಳಿ ಸ್ಪ್ರಿಂಗೂ ಕಾಣುತ್ತವೆ. ಎಂಜಿನ್ ಕಾದ ಮೇಲೆ ಅದು ತಾನಾಗಿ ತಿರುಗಿ ಬಿಸಿಯನ್ನು ನೇರ ಸೈಲೆನ್ಸರ್ ಕಡೆಗೆ ಬಿಡಬೇಕು. ನಮ್ಮ ಕಡೆಯ ತೇವಕ್ಕೆ ಅದರ ಕಡ್ಡಿ ತುಕ್ಕು ಹಿಡಿದು ಕಚ್ಚಿಕೊಂಡರೆ ಕಾರ್ಬುರೇಟರಿನ ಬುಡ ಯಾವಾಗಲೂ ಕಾಯುತ್ತಲೇ ಇರುತ್ತದೆ. ಎಂಜಿನ್ ತಣ್ಣಗಿರುವಾಗ ಆ ಗುಂಡನ್ನು ಕೈಯಿಂದ ಆಡಿಸಿ ನೋಡಿ. ಅಲುಗದಿದ್ದರೆ ತುಕ್ಕು ಬಿಡಿಸುವ ಎಣ್ಣೆ ಬಿಟ್ಟು, ಒಂದು ರಾತ್ರಿ ನೆನೆಸಿ, ಮೆಲ್ಲನೆ ತಟ್ಟಿ ಬಿಡಿಸಿ. ಸುತ್ತಿಗೆಯಿಂದ ಬಲವಾಗಿ ಹೊಡೆದರೆ ಮ್ಯಾನಿಫೋಲ್ಡ್ ಒಡೆಯುತ್ತದೆ. ಸಿಜೆ3ಬಿಯಲ್ಲಿ ಕಾರ್ಬುರೇಟರ್ ಈ ಬಿಸಿಯಿಂದ ದೂರ ಇರುವುದರಿಂದ ಮೊದಲು ಪಂಪನ್ನೂ ಪೈಪಿನ ದಾರಿಯನ್ನೂ ನೋಡಿ.

ಟೈಮಿಂಗ್ ತಡವಾಗಿದ್ದರೂ ಇದೇ ಫಲ. ಉರಿ ತಡವಾಗಿ ಆರಂಭವಾದರೆ ಬಿಸಿ ಹೊಗೆಯ ಜೊತೆ ಹೊರಹೋಗಿ ಮ್ಯಾನಿಫೋಲ್ಡನ್ನು ಕೆಂಪಗಾಗಿಸುತ್ತದೆ. ಫ್ಲೈವೀಲ್ ಹೊದಿಕೆಯ ಕಂಡಿಯಲ್ಲಿ ಗುರುತು ನೋಡಿ 5 ಡಿಗ್ರಿಗೆ ಹೊಂದಿಸಿ. ರೇಡಿಯೇಟರಿನ ರೆಕ್ಕೆಗಳಲ್ಲಿ ಮಣ್ಣು ಕಟ್ಟಿದ್ದರೆ ತೊಳೆಯಿರಿ. ಪೆಟ್ರೋಲ್ ಪೈಪ್ ಎಗ್ಸಾಸ್ಟಿಗೆ ತಾಗುವಂತೆ ಬಗ್ಗಿಸಿದ್ದರೆ ಹಳೆಯ ದಾರಿಗೆ ತನ್ನಿ. ಚಾಸಿಯ ಮೇಲಿನ ಹಳೆಯ ಕ್ಲಿಪ್ಪಿನ ತೂತುಗಳೇ ಆ ದಾರಿಯನ್ನು ತೋರಿಸುತ್ತವೆ.

ದುರಸ್ತಿಯ ನಂತರ

ಸರಿಯಾಯಿತೆಂದು ತಿಳಿಯಬೇಕಾದರೆ ಅದೇ ಘಾಟಿಯನ್ನು, ಅದೇ ಭಾರ ಹೊತ್ತು, ಬಿಸಿಲಿನ ಹೊತ್ತಿನಲ್ಲೇ ಏರಬೇಕು. ಬೆಳಗಿನ ಮಂಜಿನಲ್ಲಿ ಏರಿ ಗೆದ್ದೆವೆಂದರೆ ಏನೂ ಸಾಬೀತಾಗಲಿಲ್ಲ. ಮೇಲೆ ತಲುಪಿದ ಮೇಲೆ ಎಂಜಿನ್ ಆರಿಸಿ, ಹತ್ತು ಹದಿನೈದು ನಿಮಿಷ ಬಿಟ್ಟು ಮತ್ತೆ ಸ್ಟಾರ್ಟ್ ಮಾಡಿ. ನಿಂತ ಎಂಜಿನ್‌ನ ಶಾಖ ಪಂಪಿಗೂ ಬೌಲಿಗೂ ಏರಿ ಅತಿ ಹೆಚ್ಚು ಕಾಡುವುದು ಆ ಹೊತ್ತಿನಲ್ಲೇ.

ಬಿಚ್ಚಿದ ಪ್ರತಿಯೊಂದು ಭಾಗಕ್ಕೂ ಚೀಟಿ ಕಟ್ಟಿ: ಎಲ್ಲಿತ್ತು, ಯಾವ ಗುರುತು ಇತ್ತು, ಯಾಕೆ ತೆಗೆದೆವು, ಯಾವ ದಿನಾಂಕ. ಎಣ್ಣೆ ಸವರಿದ ಕಾಗದದಲ್ಲಿ ಸುತ್ತಿ ಡಬ್ಬದಲ್ಲಿಡಿ. ಬಾನೆಟ್ಟಿನ ಬಣ್ಣ ತೆಗೆಯುವ ಮೊದಲು ಒಂದು ಮೂಲೆಯನ್ನು ನೀರು ಹಚ್ಚಿದ ನುಣುಪು ಮರಳು ಕಾಗದದಿಂದ ವೃತ್ತಾಕಾರವಾಗಿ ಉಜ್ಜಿದರೆ ಪದರಗಳು ಬಳೆಗಳಂತೆ ಒಂದರೊಳಗೊಂದು ಕಾಣುತ್ತವೆ. ತೋಟದಲ್ಲಿದ್ದಾಗ ಬಳಿದ ಬಣ್ಣ, ಅದರಡಿ ಸೇನೆಯ ಹಸಿರು, ಅದೃಷ್ಟವಿದ್ದರೆ ಹಳೆಯ ಸಂಖ್ಯೆಯ ಒಂದಂಚು. ಹಾಗೆ ಕಂಡದ್ದರ ಚಿತ್ರ ತೆಗೆದಿಡಿ. ಕಪಾಟಿನಲ್ಲಿರುವ ಹಳೆಯ ಆರ್‌ಸಿ ಪುಸ್ತಕವನ್ನೂ ತೆಗೆಯಿರಿ. ಎಂವೈ ಅಕ್ಷರಗಳು ಮೈಸೂರು ರಾಜ್ಯದ ಹೆಸರಿನಿಂದ ಬಂದವು, ಅಂಥ ಹಳೆಯ ಸಂಖ್ಯೆ ಗಾಡಿ ನಾಗರಿಕರ ಕೈ ಸೇರಿದ ಕಾಲದ ಸುಳಿವು ಕೊಡುತ್ತದೆ. ಭಾರತೀಯ ಸೇನೆಯಿಂದ ನೇರವಾಗಿ ಹರಾಜಾದ ಗಾಡಿಯಾದರೆ ಸಂಖ್ಯಾಫಲಕದ ಜಾಗದಲ್ಲಿ ಮೇಲ್ಮುಖ ಬಾಣದ ಗುರುತಿನ ಪಕ್ಕ ಎರಡು ಅಂಕಿಗಳನ್ನು ಹುಡುಕಿ. ಅವು ಸೇನೆ ಆ ಗಾಡಿಯನ್ನು ಪಡೆದ ವರ್ಷವನ್ನು ಸೂಚಿಸುತ್ತವೆ. ಆ ವರ್ಷ, ಚಾಸಿ ಸಂಖ್ಯೆ, ಎಂಜಿನ್ ಸಂಖ್ಯೆ ಮೂರನ್ನೂ ದೋಷದ ಟಿಪ್ಪಣಿ ಇರುವ ಅದೇ ನೋಟ್ ಪುಸ್ತಕದ ಮೊದಲ ಪುಟದಲ್ಲಿ ಬರೆದಿಡಿ. ಮುಂದೆ ಸ್ಪ್ಯಾನರ್ ಹಿಡಿಯುವವರಿಗೆ ಎರಡೂ ಒಟ್ಟಿಗೆ ಬೇಕಾಗುತ್ತವೆ.